ಬಿಲ್ ಕಲೆಕ್ಟರ್ ಮನೆಯ ಖಾತೆ

ಅಪ್ಪನ ಕಾರ್ಯಗಳೆಲ್ಲ ಮುಗಿದು ನೆಂಟರು ಒಬ್ಬೊಬ್ಬರಾಗಿ ಹೊರಟ ಮೇಲೆ ಅಮ್ಮ ಬೀರುವಿನ ಕೆಳಗಿನ ಖಾನೆಯಿಂದ ಒಂದು ಕಪ್ಪು ರೆಕ್ಸಿನ್ ಬ್ಯಾಗು ತಂದು ನನ್ನ ಮುಂದಿಟ್ಟಳು. “ಮನೆ ಕಾಗದಪತ್ರ ಎಲ್ಲಾ ಇದ್ರಲ್ಲೇ ಇದೆ ಅಂತಿದ್ರು. ನಾನು ಯಾವತ್ತೂ ತೆಗೆದು ನೋಡಿಲ್ಲಪ್ಪ” ಎಂದಳು. ಅಪ್ಪ ತನ್ನ ಸರ್ವೀಸಿನುದ್ದಕ್ಕೂ ಹೆಗಲಿಗೆ ಹಾಕಿಕೊಂಡು ತಿರುಗಿದ ಬ್ಯಾಗು ಅದು. ಜಿಪ್ಪು ಎಂದೋ ಕಿತ್ತುಹೋಗಿ ಅದರ ಜಾಗದಲ್ಲಿ ಟ್ವೈನ್ ದಾರ ಬಂದಿತ್ತು. ಬಿಚ್ಚಿ ನೋಡಿದರೆ ಒಳಗೆ ಮನೆ ಕಂದಾಯದ ರಸೀದಿಗಳು. ವರ್ಷವಾರು ಜೋಡಿಸಿ, ಹತ್ತು ಹತ್ತು ವರ್ಷದ್ದನ್ನು ಒಂದೊಂದು ಕಟ್ಟು ಮಾಡಿ, ಮೇಲೆ ಇಸವಿ ಬರೆದಿಟ್ಟಿದ್ದ. ಬಣ್ಣ ಮಾಸಿದ ಕಾರ್ಬನ್ ಪ್ರತಿಯಿಂದ ಹಿಡಿದು ಕಂಪ್ಯೂಟರಿನ ಚಲನ್‌ವರೆಗೆ ಎಲ್ಲವೂ ಇದ್ದವು. ಬಹುಪಾಲು ಏಪ್ರಿಲ್ ತಿಂಗಳಲ್ಲೇ ಕಟ್ಟಿದವು. ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ. 5 ರಿಯಾಯಿತಿ, ಜೂನ್ ದಾಟಿಸಿದರೆ ತಿಂಗಳಿಗೆ ಶೇ. 2 ದಂಡ ಎನ್ನುವುದನ್ನು ಊರಿಗೆಲ್ಲ ಹೇಳಿಕೊಂಡು ಬಂದವನು ತಾನು ತಪ್ಪುವುದುಂಟೆ?

ಆದರೆ ಅಷ್ಟೂ ರಸೀದಿಗಳಲ್ಲಿ ಇದ್ದದ್ದು ಅಜ್ಜನ ಹೆಸರು. 2023ರ ರಸೀದಿಯಲ್ಲೂ ಅದೇ. ಅಜ್ಜ ತೀರಿಕೊಂಡಿದ್ದು 1988ರಲ್ಲಿ, ನನಗೆ ಆಗ ಎರಡು ವರ್ಷ.

“ಅಮ್ಮಾ, ಮನೆ ಇನ್ನೂ ಅಜ್ಜನ ಹೆಸರಲ್ಲೇ ಇದೆಯಲ್ಲ” ಎಂದೆ.

“ಹೌದಾ?” ಎಂದ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, “ಊರೋರ ಖಾತೆ ಎಲ್ಲಾ ಬದಲಾಯಿಸಿಕೊಡ್ತಾ ಇದ್ದೋರು ನಿಮ್ಮಪ್ಪ” ಎಂದಳು. ಅದು ಹೊಗಳಿಕೆಯೋ ದೂರೋ ನನಗೆ ತಿಳಿಯಲಿಲ್ಲ.

ಆ ಮನೆ ಕಡೂರಿನಲ್ಲಿದೆ. ಮಂಗಳೂರು ಹೆಂಚಿನ ಹಳೇ ಮನೆ. ಎರಡು ಮಳೆಗಾಲದಿಂದ ನಡುಮನೆಯಲ್ಲಿ ಪಾತ್ರೆ ಇಟ್ಟುಕೊಂಡು ಕೂರುವ ಸ್ಥಿತಿ. ಸಾಲ ತೆಗೆದು ಸೂರು ರಿಪೇರಿ ಮಾಡಿಸೋಣವೆಂದು ಬೆಂಗಳೂರಿನ ಬ್ಯಾಂಕಿನಲ್ಲಿ ವಿಚಾರಿಸಿದರೆ ಅವರು ಮೊದಲು ಕೇಳಿದ್ದೇ ಇ-ಖಾತೆ. ಅದೂ ಬದುಕಿರುವವರ ಹೆಸರಿನದು. ಹಾಗಾಗಿ ಅಪ್ಪ 36 ವರ್ಷ ಮುಟ್ಟದೆ ಬಿಟ್ಟ ಕೆಲಸ ನನ್ನ ತಲೆಗೆ ಬಂತು.

ಅಪ್ಪ ಪುರಸಭೆ ನೌಕರಿಗೆ ಸೇರಿದ್ದು 1974ರಲ್ಲಿ, ಸುಂಕದ ಕಟ್ಟೆಯಲ್ಲಿ. ಆಗ ಊರಿನೊಳಕ್ಕೆ ಬರುವ ಸರಕಿಗೆಲ್ಲ ಆಕ್ಟ್ರಾಯ್ ಇತ್ತು. ಕೊಬ್ಬರಿ, ಅಡಿಕೆ, ಈರುಳ್ಳಿ ತುಂಬಿದ ಗಾಡಿಗಳನ್ನು ಊರಬಾಗಿಲಲ್ಲಿ ನಿಲ್ಲಿಸಿ, ಮೂಟೆ ಎಣಿಸಿ, ಚೀಟಿ ಹರಿದು ಕೊಡುವುದು ಅವನ ಕೆಲಸ. ರಾತ್ರಿ ಪಾಳಿಯಲ್ಲಿ ಲಾಂದ್ರ ಹಿಡಿದು ಕೂರಬೇಕಿತ್ತಂತೆ. 1979ರಲ್ಲಿ ಕರ್ನಾಟಕ ಸರ್ಕಾರ ಆಕ್ಟ್ರಾಯ್ ರದ್ದು ಮಾಡಿತು. ಗಾಡಿಯವರಿಗೆ, ವ್ಯಾಪಾರಸ್ಥರಿಗೆ ಸಂತೋಷವಾಯಿತು. ಆದರೆ ಸಣ್ಣ ಊರುಗಳ ಪುರಸಭೆಗಳಿಗೆ ದಿನಾ ಕೈಗೆ ಬರುತ್ತಿದ್ದ ಸ್ವಂತ ದುಡ್ಡು ನಿಂತುಹೋಯಿತು. “ಅಲ್ಲೀವರೆಗೂ ಪುರಸಭೆ ದುಡಿದು ಉಣ್ಣೋ ಮನೆಯಾಗಿತ್ತು ಕಣೋ. ಆಮೇಲೆ ಬೆಂಗಳೂರಿಂದ ಮನಿಯಾರ್ಡರ್ ಬರ್ಲಿ ಅಂತ ಕಾಯೋ ಮನೆಯಾಯ್ತು” ಎಂದು ಅಪ್ಪ ಹೇಳುತ್ತಿದ್ದ. ಕಟ್ಟೆ ಮುಚ್ಚಿದ ಮೇಲೆ ಅವನನ್ನು ಬಿಲ್ ಕಲೆಕ್ಟರ್ ಮಾಡಿದರು. ಮನೆ ಮನೆಗೆ ಹೋಗಿ ಮನೆ ಕಂದಾಯ, ನೀರಿನ ಕಂದಾಯ ವಸೂಲಿ ಮಾಡುವ ಕೆಲಸ.

ಹೆಚ್ಚು ವರ್ಷ ಅವನು ದುಡಿದದ್ದು ತರೀಕೆರೆಯಲ್ಲಿ. ಬೆಳಿಗ್ಗೆ ಕಡೂರಿನಲ್ಲಿ ರೈಲು ಹತ್ತಿ, ಬೀರೂರು ಜಂಕ್ಷನ್ ದಾಟಿ, ಶಿವಮೊಗ್ಗದ ಹಾದಿಯಲ್ಲಿ ಹೋಗಿ ಇಳಿಯುವುದು. ರೈಲು ತಪ್ಪಿದರೆ ಬಸ್ಸು. ತರೀಕೆರೆ ಎಂದರೆ ನನ್ನ ಗೆಳೆಯರಿಗೆಲ್ಲ ಕೆರೆ ಏರಿಯ ಮೇಲಿನ ಕುರಿಮರಿಗಳ ನೆನಪು, ನಾಲಿಗೆ ತೊಡರಿಸುವ ಆ ಮಾತಿನಿಂದಾಗಿ. ನನಗೆ ಮಾತ್ರ ಪುರಸಭೆಯ ಸಭಾಂಗಣ.

1997ರ ಬೇಸಿಗೆ ರಜೆಯಲ್ಲಿ ಅಪ್ಪ ನನ್ನನ್ನು ಒಂದೆರಡು ಸಲ ಕೆಲಸಕ್ಕೆ ಕರೆದುಕೊಂಡು ಹೋಗಿದ್ದ. ಒಂದು ದಿನ ಸಾಮಾನ್ಯ ಸಭೆ ಇತ್ತು. ಪುರಸಭೆಯಲ್ಲಿ ತಿಂಗಳಿಗೊಮ್ಮೆ ಇಂಥ ಸಭೆ ನಡೆಯಬೇಕು ಎನ್ನುವುದು ನಿಯಮ. ಅಪ್ಪನಿಗೆ ಸಭೆಯಲ್ಲಿ ಕೆಲಸವೇನೂ ಇರಲಿಲ್ಲ. ವಸೂಲಿಯ ಲೆಕ್ಕ ಯಾರಾದರೂ ಕೇಳಿದರೆ ರಿಜಿಸ್ಟರ್ ಹಿಡಿದು ಒಳಗೆ ಹೋಗಬೇಕು, ಅಷ್ಟೆ. ಅದಕ್ಕಾಗಿ ಬಾಗಿಲ ಹತ್ತಿರದ ಬೆಂಚಿನ ಮೇಲೆ ಕೂತಿರುತ್ತಿದ್ದ. ಪಕ್ಕದಲ್ಲಿ ನಾನು.

ಮುಖ್ಯಾಧಿಕಾರಿಗಳು ಹಿಂದಿನ ಸಭೆಯ ನಡಾವಳಿ ಓದಿದರು. ಅದು ಮುಗಿಯುವ ಮೊದಲೇ ಒಬ್ಬ ಸದಸ್ಯರು ಎದ್ದು ನಿಂತು, “ಹೋದ ತಿಂಗಳು ನಾನು ಹೇಳಿದ ಬಲ್ಬು ಇನ್ನೂ ಹಾಕಿಲ್ಲ, ನಡಾವಳಿ ದೃಢೀಕರಿಸೋದು ಹೆಂಗೆ?” ಎಂದರು. ಅರ್ಧ ಗಂಟೆ ಬಲ್ಬಿನ ಮೇಲೆ ನಡೆಯಿತು. ಆಮೇಲೆ ಜಮಾ ಖರ್ಚು. ಆಮೇಲೆ ಸಂತೆ ಸುಂಕ ವಸೂಲಿಯ ಹಕ್ಕನ್ನು ವರ್ಷಕ್ಕೆ ಹರಾಜು ಹಾಕುವ ವಿಷಯ, ಪುರಸಭೆ ಮಳಿಗೆಗಳ ಬಾಡಿಗೆ ಬಾಕಿ, ಪೈಪು ಒಡೆದ ಬೀದಿ, ಹಂದಿ ಹಿಡಿಸುವುದು, ಚರಂಡಿಯ ಹೂಳು. ಕೊನೆಗೆ ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರ ವಿಷಯಗಳು’. ಎಲ್ಲ ಸಭೆಗಳಲ್ಲೂ ನಿಜವಾದ ಜಗಳ ಶುರುವಾಗುವುದು ಅಲ್ಲಿಂದಲೇ ಎಂದು ಅಪ್ಪ ಆಮೇಲೆ ರೈಲಿನಲ್ಲಿ ಹೇಳಿದ.

ಆ ಹಾಲಿನಲ್ಲಿ ಕೆಲವರು ಹೆಣ್ಣುಮಕ್ಕಳೂ ಇದ್ದರು. ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದು, ಮಹಿಳೆಯರಿಗೆ ಮೂರನೇ ಒಂದರಷ್ಟು ಸ್ಥಾನ ಮೀಸಲಾಗಿ, ಚುನಾವಣೆ ನಡೆದು ಹೆಚ್ಚು ಕಾಲವಾಗಿರಲಿಲ್ಲ. ಅವರಲ್ಲಿ ಒಬ್ಬರು ತುಂಬಾ ಹೊತ್ತು ಏನೂ ಮಾತಾಡಿರಲಿಲ್ಲ. ನೀರಿನ ವಿಷಯ ಬಂದಾಗ ಎದ್ದು, “ನಮ್ಮ ಬೀದಿಗೆ ನೀರು ಬಿಡೋದು ರಾತ್ರಿ ಹನ್ನೊಂದಕ್ಕೆ. ಈ ಹಾಲಲ್ಲಿ ಕೂತಿರೋ ಯಾರಾದ್ರೂ ಆ ಹೊತ್ತಲ್ಲಿ ಒಂದು ಕೊಡ ಹಿಡಿದಿದೀರಾ?” ಎಂದು ಕೇಳಿ ಕೂತುಬಿಟ್ಟರು. ಹಾಲ್ ನಿಶ್ಶಬ್ದವಾಯಿತು. ಅಪ್ಪ ನನ್ನ ತೊಡೆ ತಟ್ಟಿ, “ಕೇಳಿಸ್ಕೊಂಡ್ಯಾ?” ಎಂದ.

ಹನ್ನೊಂದು ವರ್ಷದ ನನಗೆ ಇವೆಲ್ಲ ತಮಾಷೆಯಾಗಿ ಕಂಡಿದ್ದವು. ಬಲ್ಬಿಗೆ, ಹಂದಿಗೆ, ಮೋರಿಗೆ ಇಷ್ಟು ದೊಡ್ಡವರು ಕೂತು ಜಗಳವಾಡುತ್ತಾರಲ್ಲ ಎಂದು. ವಾಪಸು ಬರುವಾಗ ಅದನ್ನೇ ಹೇಳಿದೆ. ಅಪ್ಪ ನಗಲಿಲ್ಲ. “ಡೆಲ್ಲೀಲಿ ಕೂತಿರೋ ಸರ್ಕಾರಕ್ಕೆ ನಮ್ಮ ಮನೆ ನಂಬರು ಗೊತ್ತಾ? ಇವರಿಗೆ ಗೊತ್ತು. ಬೈಬೇಕು ಅಂದ್ರೂ ಬಾಗಿಲಿಗೆ ಹೋಗಿ ಬೈಬಹುದು” ಎಂದ. ಚುನಾವಣೆ ನಡೆಯದೆ ಆಡಳಿತಾಧಿಕಾರಿಗಳೇ ಪುರಸಭೆ ನಡೆಸಿದ ವರ್ಷಗಳನ್ನು ಅವನು ಕಂಡಿದ್ದ. ಆಗಲೂ ಕಸ ಎತ್ತುತ್ತಿದ್ದರು, ನೀರು ಬಿಡುತ್ತಿದ್ದರು, ಸಂಬಳವೂ ಆಗುತ್ತಿತ್ತು. “ಎಲ್ಲಾ ನಡೀತಿತ್ತು. ಕೇಳೋರು ಇರ್ತಿರಲಿಲ್ಲ, ಅಷ್ಟೆ” ಎನ್ನುತ್ತಿದ್ದ.

ಖಾತೆಯ ವಿಷಯದಲ್ಲಿ ಅವನದೊಂದು ಪಾಠವಿತ್ತು. ರಸೀದಿ ಪುಸ್ತಕ ಹಿಡಿದು ಹೋದಲ್ಲೆಲ್ಲ ಅದನ್ನು ಹೇಳುತ್ತಿದ್ದ: “ಖಾತೆ ಅಂದ್ರೆ ಹಕ್ಕುಪತ್ರ ಅಲ್ಲ. ಈ ಮನೆ ಕಂದಾಯ ಯಾರು ಕಟ್ಟಬೇಕು ಅಂತ ಪುರಸಭೆ ಬರ್ಕೊಂಡಿರೋ ಹೆಸರು.” ಕಾನೂನಿನ ಪ್ರಕಾರವೂ ಅದು ಸರಿ. ಖಾತೆ ತನ್ನಿಂದ ತಾನೇ ಮಾಲೀಕತ್ವ ಕೊಡುವುದಿಲ್ಲ. ಆದರೆ ನಮ್ಮ ಊರುಗಳಲ್ಲಿ ಖಾತೆ ಇದ್ದವರದೇ ಮನೆ ಎಂಬ ನಂಬಿಕೆ ಎಷ್ಟು ಗಟ್ಟಿ ಎಂದರೆ, ಅಣ್ಣ ತಮ್ಮಂದಿರು ಮಾತು ಬಿಡುವುದು ಹೆಚ್ಚಾಗಿ ಅಲ್ಲಿಂದಲೇ. ಹೆಸರು ಒಂದು ಕಡೆ, ಇರುವುದು ಇನ್ನೊಂದು ಕಡೆ ಎನ್ನುವುದು ಕಡೂರಿಗೆ ಹೊಸದೂ ಅಲ್ಲ. ಜಿಲ್ಲೆಯ ಮುಖ್ಯ ಕಚೇರಿ 1865ರಲ್ಲೇ ಚಿಕ್ಕಮಗಳೂರಿಗೆ ಹೋಯಿತು, ಜಿಲ್ಲೆಯ ಹೆಸರು ಮಾತ್ರ 1947ರವರೆಗೆ ಕಡೂರು ಜಿಲ್ಲೆ ಎಂದೇ ಇತ್ತು. ನಮ್ಮ ಮನೆಯದೂ ಹಾಗೇ ಎಂದು ನಗುತ್ತಾ ಕಾಗದಪತ್ರ ಜೋಡಿಸಲು ಕೂತೆ.

ಬೇಕಾದದ್ದು ಅಜ್ಜನ ಮರಣ ಪ್ರಮಾಣಪತ್ರ, ಅಪ್ಪನ ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಋಣಭಾರ ಪತ್ರ, ಈ ಸಾಲಿನ ಕಂದಾಯದ ರಸೀದಿ, ಎಲ್ಲ ವಾರಸುದಾರರ ಆಧಾರ್. ಅಜ್ಜನ ಮರಣ ನೋಂದಣಿ ಇತ್ತು. ಮಾಹಿತಿ ಕೊಟ್ಟವರ ಹೆಸರಿನ ಜಾಗದಲ್ಲಿ ಅಪ್ಪನ ಹೆಸರು. ಒಂದು ರಿಜಿಸ್ಟರಿನಲ್ಲಿ ಅಜ್ಜ ಸತ್ತಿದ್ದಾರೆ ಎಂದು ತಾನೇ ನಿಂತು ಬರೆಸಿದವನು, ಇನ್ನೊಂದು ರಿಜಿಸ್ಟರಿನಲ್ಲಿ ಅವರನ್ನು 36 ವರ್ಷ ಬದುಕಿಸಿ ಇಟ್ಟಿದ್ದ.

ವಂಶವೃಕ್ಷದ ಅರ್ಜಿ ತುಂಬುವಾಗ ನನ್ನ ನಗು ನಿಂತಿತು. ಅಜ್ಜನ ಹೆಸರಿನ ಕೆಳಗೆ ಎರಡು ಗೆರೆ ಎಳೆಯಬೇಕಿತ್ತು. ಒಂದು ಅಪ್ಪ. ಇನ್ನೊಂದು ಅಜ್ಜಂಪುರದ ಅತ್ತೆ, ಅಪ್ಪನ ಅಕ್ಕ.

ಅಜ್ಜ ಮನೆ ಕಟ್ಟಿದ್ದು ತನ್ನ ಸಂಪಾದನೆಯಲ್ಲಿ. ಉಯಿಲು ಬರೆದಿರಲಿಲ್ಲ. ಅಜ್ಜಿ ಮೊದಲೇ ತೀರಿಕೊಂಡಿದ್ದಳು. ಅಂಥ ಆಸ್ತಿಯಲ್ಲಿ ಮಗನಿಗೆಷ್ಟೋ ಮಗಳಿಗೂ ಅಷ್ಟೇ ಎಂದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೇ ಹೇಳುತ್ತದೆ. ಅದಕ್ಕೆ 1994ರ ಕರ್ನಾಟಕದ ತಿದ್ದುಪಡಿಯೂ ಬೇಕಿಲ್ಲ, 2005ರ ಕೇಂದ್ರದ ತಿದ್ದುಪಡಿಯೂ ಬೇಕಿಲ್ಲ. ಅಂದರೆ 1988ರಿಂದಲೂ ಅರ್ಧ ಮನೆ ಅತ್ತೆಯದು. ನಮ್ಮ ಮನೆಯಲ್ಲಿ ಯಾರೂ ಆ ಮಾತು ಎತ್ತಿದ್ದನ್ನು ನಾನು ಕೇಳಿರಲಿಲ್ಲ.

ಪತ್ರ ಬರಹಗಾರರೊಬ್ಬರು ದಾರಿ ತೋರಿಸಿದರು. “ನಿಮ್ಮತ್ತೆ ಕೈಲಿ ಒಂದು ಹಕ್ಕು ಬಿಡುಗಡೆ ಪತ್ರ ಮಾಡಿಸ್ಕೊಳ್ಳಿ ಸಾರ್. ಸಬ್ ರಿಜಿಸ್ಟ್ರಾರ್ ಆಫೀಸಿಗೆ ಒಂದು ಸಲ ಬಂದು ಹೆಬ್ಬೆಟ್ಟು ಕೊಟ್ರೆ ಆಯ್ತು. ತಂಗಿ ಕೈಲೂ ಮಾಡಿಸ್ಕೊಳ್ಳಿ. ನಿಮ್ಮೊಬ್ಬರ ಹೆಸರಿಗೇ ಖಾತೆ ಆಗುತ್ತೆ, ಬ್ಯಾಂಕಿಗೂ ಸಲೀಸು.” ಅಮ್ಮನಿಗೂ ಅದೇ ಸರಿ ಎನ್ನಿಸಿತು. “ಅತ್ತಿಗೆ ಒಳ್ಳೇವ್ರೇ. ಆದ್ರೆ ಅವರ ಮಕ್ಕಳು, ಸೊಸೇರು ನಾಳೆ ಏನಂತಾರೋ ಯಾರಿಗ್ಗೊತ್ತು? ನನಗೆ ಇನ್ನೇನಿದೆ ಈ ಮನೆ ಬಿಟ್ರೆ” ಎಂದಳು. ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಪತ್ರದ ಕರಡು ಪ್ರಿಂಟ್ ಹಾಕಿಸಿ ಬ್ಯಾಗಿಗೆ ಸೇರಿಸಿ, ಮೇ ತಿಂಗಳ ಒಂದು ಬೆಳಿಗ್ಗೆ ಅಜ್ಜಂಪುರಕ್ಕೆ ಹೊರಟೆ.

ಬೀರೂರಿನಲ್ಲಿ ಹಳಿ ಕವಲೊಡೆಯುತ್ತದೆ. ಒಂದು ತರೀಕೆರೆ ಕಡೆಗೆ, ಇನ್ನೊಂದು ಅಜ್ಜಂಪುರ, ಚಿಕ್ಕಜಾಜೂರಿನ ಕಡೆಗೆ. ತರೀಕೆರೆಗೆ ಹೋಗುತ್ತಾ ಹೋಗುತ್ತಾ ಹಸಿರು ಹೆಚ್ಚುತ್ತದೆ. ಅಜ್ಜಂಪುರದ ಕಡೆ ಬಯಲು ತೆರೆದುಕೊಳ್ಳುತ್ತದೆ. ಈರುಳ್ಳಿ ಬೆಳೆಯುವ ಹೊಲಗಳು, ಅಮೃತ್ ಮಹಲ್ ದನಗಳ ಕಾವಲು, ಈಗ ಭದ್ರಾ ಮೇಲ್ದಂಡೆಯ ಸುರಂಗ, ಕಾಲುವೆ. ಕಥೆಗಾರ ಆನಂದರ ಊರು ಎಂದು ಅಪ್ಪ ಪ್ರತಿಸಲ ನೆನಪಿಸುತ್ತಿದ್ದ. ಮದುವೆಯಾಗಿ ಅತ್ತೆ ಆ ಊರು ಸೇರಿದ್ದು 1967ರಲ್ಲಿ. ಮಾವ ತೀರಿಕೊಂಡಿದ್ದು 1985ರಲ್ಲಿ.

ಅತ್ತೆಯ ಮನೆಗೆ ಹೋದಾಗ ಅಲ್ಲಿಯೂ ಖಾತೆಯದೇ ಮಾತು ನಡೆಯುತ್ತಿತ್ತು. ಅಜ್ಜಂಪುರ ಬಹಳ ಕಾಲ ತರೀಕೆರೆ ತಾಲ್ಲೂಕಿನ ಒಂದು ಹೋಬಳಿ, ಗ್ರಾಮ ಪಂಚಾಯಿತಿ ಇದ್ದ ಊರು. 2018ರಲ್ಲಿ ತಾಲ್ಲೂಕಾಯಿತು, ಆಮೇಲೆ ಪಟ್ಟಣ ಪಂಚಾಯಿತಿಯೂ ಆಯಿತು. ಪಂಚಾಯಿತಿ ಕೊಡುತ್ತಿದ್ದ ಇ-ಸ್ವತ್ತು, ನಮೂನೆ 9, ನಮೂನೆ 11 ಎಲ್ಲ ಹೋಗಿ ಇ-ಆಸ್ತಿ, ನಮೂನೆ 3 ಬರಬೇಕು. ಅತ್ತೆಯ ಎರಡನೇ ಮಗ ಕಾಗದ ಹರಡಿಕೊಂಡು ಕೂತಿದ್ದ. ಪಕ್ಕದ ಮನೆಯ ಹೆಂಗಸೊಬ್ಬರು ಬಾಗಿಲಲ್ಲಿ ನಿಂತು, “ಊರು ದೊಡ್ದಾತು ಅಂತ ಪಟಾಕಿ ಹೊಡೆದ್ರು. ನಮಗೆ ನರೇಗಾ ಕೂಲಿ ಹೋತು” ಎಂದರು. ನಿಜವೇ. ಉದ್ಯೋಗ ಖಾತ್ರಿ ಗ್ರಾಮೀಣ ಪ್ರದೇಶಕ್ಕೆ ಮಾತ್ರ. ಕಾಗದದಲ್ಲಿ ಊರು ಪಟ್ಟಣವಾದ ದಿನ ಜಾಬ್ ಕಾರ್ಡು ಬರೀ ಕಾರ್ಡಾಗುತ್ತದೆ. ಒಂದು ರಿಜಿಸ್ಟರಿನಿಂದ ಇನ್ನೊಂದಕ್ಕೆ ಹೆಸರು ದಾಟುವಾಗ ಏನೇನು ಉದುರಿಹೋಗುತ್ತದೆ ಎಂದು ಯೋಚಿಸುತ್ತಾ ನಾನು ನನ್ನ ಬ್ಯಾಗನ್ನು ಕಾಲ ಬಳಿಗೆ ಎಳೆದುಕೊಂಡೆ.

ಊಟವಾದ ಮೇಲೆ ಅತ್ತೆಯ ಮುಂದೆ ಕೂತು ವಿಷಯ ಹೇಳಿದೆ. ಖಾತೆ ಅಜ್ಜನ ಹೆಸರಿನಲ್ಲೇ ಇದೆ, ಬದಲಾಯಿಸಬೇಕು, ಬ್ಯಾಂಕಿನವರು ಕೇಳುತ್ತಾರೆ ಎಂದೆ. ಬಿಡುಗಡೆ ಪತ್ರದ ಮಾತು ನಾಲಿಗೆಯ ತುದಿಯಲ್ಲೇ ಇತ್ತು.

“ಗೊತ್ತು ಕಣೋ, ಅಪ್ಪನ ಹೆಸರಲ್ಲೇ ಇರೋದು” ಎಂದರು ಅತ್ತೆ.

“ನಿಮಗೆ ಹೇಗೆ ಗೊತ್ತು ಅತ್ತೆ?”

“ನಿಮ್ಮಪ್ಪ ವರ್ಷಾ ವರ್ಷ ಹೇಳ್ತಿದ್ದ. ಗೌರಿ ಹಬ್ಬಕ್ಕೆ ಬಾಗಿನ ತಗೊಂಡು ಬರ್ತಿದ್ದನಲ್ಲ, ಆಗ. ‘ಅಕ್ಕಾ, ಈ ಸಲಾನೂ ಅಪ್ಪನ ಹೆಸರಲ್ಲೇ ಕಂದಾಯ ಕಟ್ಟಿದೀನಿ’ ಅಂತ.”

ಆಮೇಲೆ ಅತ್ತೆ ನಿಧಾನವಾಗಿ ಹೇಳಿದರು. ಅಜ್ಜ ಸತ್ತಾಗ ಅವರಿಗೆ ಮೂರು ಸಣ್ಣ ಮಕ್ಕಳು, ಗಂಡನಿಲ್ಲ. ಪಾಲು ಕೇಳು ಎಂದು ಮೈದುನರು ಹೇಳಿ ಕಳಿಸಿದ್ದರು. ಅತ್ತೆ ಕಡೂರಿಗೆ ಬಂದು, ಕೇಳಿಯೂ ಕೇಳಿದ್ದರು. ಅಪ್ಪ ಇಲ್ಲವೆನ್ನಲಿಲ್ಲ. “ಸ್ವಲ್ಪ ತಡಿ ಅಕ್ಕ, ಮಾಡೋಣ” ಎಂದ. ಆ ಸ್ವಲ್ಪ ಮುಗಿಯಲೇ ಇಲ್ಲ.

“ಅವನು ಮನಸ್ಸು ಮಾಡಿದ್ರೆ ಒಂದು ದಿನದ ಕೆಲಸ. ಪುರಸಭೇಲೇ ಇದ್ದ. ಒಬ್ಬನೇ ಮಗ ಅಂತ ಬರೆಸ್ಕೊಂಡಿದ್ರೆ ಯಾರು ಕೇಳ್ತಿದ್ರು ಆ ಕಾಲದಲ್ಲಿ? ಬರೆಸ್ಕೊಳ್ಳಲಿಲ್ಲ. ಹಂಗಂತ ನನ್ನ ಹೆಸರನ್ನೂ ಸೇರಿಸಲಿಲ್ಲ. ನನ್ನ ಹೆಸರು ಬರೆಯೋಕೆ ಧೈರ್ಯ ಸಾಲಲಿಲ್ಲ, ಬಿಟ್ಟು ಬರೆಯೋಕೆ ಮನಸ್ಸು ಬರಲಿಲ್ಲ. ಅಪ್ಪನ್ನೇ ಕೂರಿಸಿಬಿಟ್ಟ” ಎಂದು ನಕ್ಕರು. ನನಗೆ ನಗು ಬರಲಿಲ್ಲ. ಮೂರು ಮಕ್ಕಳನ್ನು ಸಾಕಲು ಆಕೆ ಈರುಳ್ಳಿ ಮಂಡಿಯಲ್ಲಿ ಆರಿಸುವ ಕೂಲಿಗೆ ಹೋಗಿದ್ದು ನನಗೆ ಗೊತ್ತಿತ್ತು.

ಸ್ವಲ್ಪ ಹೊತ್ತು ಬಿಟ್ಟು ಅವರೇ ಕೇಳಿದರು. “ಸಹಿ ಹಾಕಿಸಿಕೊಳ್ಳೋಕೆ ಕಾಗದ ತಂದಿದೀಯಾ?”

ಸುಳ್ಳು ಹೇಳಲು ಬಾಯಿ ಬರಲಿಲ್ಲ. “ತಂದಿದೀನಿ ಅತ್ತೆ” ಎಂದೆ.

“ಹಾಕ್ತೀನಿ ಬೇಕಾದ್ರೆ. ಈ ವಯಸ್ಸಲ್ಲಿ ಆ ಮನೆ ಕಟ್ಟಿಕೊಂಡು ನಾನೇನು ಮಾಡ್ಲಿ? ಮಾರ್ಬೇಕು ಅಂತಿಲ್ಲ, ನಿಮ್ಮಮ್ಮನ್ನ ಎಬ್ಬಿಸ್ಬೇಕು ಅಂತಲೂ ಇಲ್ಲ. ಆದ್ರೆ ನೀನು ಕೇಳೋದಾದ್ರೆ ಹೇಳ್ತೀನಿ, ಒಂದು ಸಲ ನನ್ನ ಹೆಸರು ಅಲ್ಲಿ ಬರೀಲಿ. ಆ ಮನೇಲಿ ಹುಟ್ಟಿದೋಳು ಅಂತ ಒಂದು ಕಡೆನಾದ್ರೂ ಇರ್ಲಿ.”

ಆ ಕರಡನ್ನು ನಾನು ಬ್ಯಾಗಿನಿಂದ ಹೊರಗೆ ತೆಗೆಯಲಿಲ್ಲ.

ಮನೆಗೆ ಬಂದು ಹೇಳಿದಾಗ ಅಮ್ಮ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಮೂರನೇ ದಿನ ಕಾಫಿ ಕೊಡುತ್ತಾ, “ಹಂಗಾದ್ರೆ ನಿನ್ನ ತಂಗಿ ಹೆಸರೂ ಹಾಕು. ಅವಳೂ ಈ ಮನೇಲೇ ಹುಟ್ಟಿದ್ದು” ಎಂದಳು. ಶಿವಮೊಗ್ಗದಲ್ಲಿರುವ ತಂಗಿಗೆ ಫೋನು ಮಾಡಿದರೆ, “ನನ್ನ ಹೆಸರು ಬಿಟ್ಟು ಮಾಡೋಕೆ ಹೊರಟಿದ್ಯಾ ಅಂತ ಈಗ ಗೊತ್ತಾಯ್ತು” ಎಂದು ಬೈದು ಆಧಾರ್ ಫೋಟೋ ಕಳಿಸಿದಳು.

ಜುಲೈನಲ್ಲಿ ಅರ್ಜಿ ಕೊಟ್ಟೆ. ಅರ್ಜಿ ಬಂದ ಮೇಲೆ ಮೂವತ್ತು ದಿನದ ನೋಟಿಸು ಹಾಕುತ್ತಾರೆ. ಇಂಥ ಸ್ವತ್ತಿನ ಖಾತೆಯನ್ನು ಇಂಥವರ ಹೆಸರಿಗೆ ಬದಲಾಯಿಸಲು ಕೋರಿದ್ದಾರೆ, ಆಕ್ಷೇಪಣೆಗಳಿದ್ದಲ್ಲಿ ಲಿಖಿತವಾಗಿ ಸಲ್ಲಿಸಬಹುದು ಎಂದು. ನೋಟಿಸು ಬೋರ್ಡಿಗೆ ಬಿದ್ದಿದೆ ಎಂದು ಫೋನಿನಲ್ಲಿ ಹೇಳಿದ್ದೇ ತಪ್ಪಾಯಿತು. ಒಂದು ಶನಿವಾರ ಅತ್ತೆ ಮೊಮ್ಮಗನನ್ನು ಕರೆದುಕೊಂಡು ಕಡೂರಿಗೆ ಬಂದೇಬಿಟ್ಟರು. “ನೋಡ್ಕೊಂಡು ಹೋಗ್ತೀನಿ” ಎಂದರು.

ನೋಟಿಸ್ ಬೋರ್ಡು ಎಂದರೆ ಒಂದು ಊರಿನ ಅಡುಗೆಮನೆ ಇದ್ದ ಹಾಗೆ. ಅಲ್ಲಿ ಚಂದಕ್ಕೆಂದು ಇಟ್ಟದ್ದು ಏನೂ ಇರುವುದಿಲ್ಲ. ಸುಂಕ ವಸೂಲಿಯ ಹರಾಜಿನ ಪ್ರಕಟಣೆ, ಟೆಂಡರಿನ ಪುಟಗಳು, ಉದ್ದಿಮೆ ಪರವಾನಗಿ ನವೀಕರಿಸಿಕೊಳ್ಳಿ ಎಂಬ ಎಚ್ಚರಿಕೆ, ಹಸಿ ಕಸ ಒಣ ಕಸ ಬೇರೆ ಮಾಡಿ ಎಂಬ ಚಿತ್ರ, ಶೇ. 24.10, ಶೇ. 7.25 ಮತ್ತು ಶೇ. 5ರ ಯೋಜನೆಗಳಿಗೆ ಅರ್ಜಿ ಆಹ್ವಾನ. ಈ ಅಂಕಿಗಳನ್ನು ಹೊರಗಿನವರು ನೋಡಿದರೆ ತಲೆಬುಡ ತಿಳಿಯದು. ಸ್ಥಳೀಯ ಸಂಸ್ಥೆಗಳು ತಮ್ಮ ಹಣದಲ್ಲಿ ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಇತರೆ ಬಡವರಿಗೆ, ಅಂಗವಿಕಲರಿಗೆ ಎತ್ತಿಡಬೇಕಾದ ಪಾಲುಗಳು ಅವು. ಅವುಗಳ ನಡುವೆ ನಮ್ಮ ಮನೆಯ ನೋಟಿಸು. ನಾಲ್ಕು ಹೆಸರು. ಮೊದಲು ಅತ್ತೆ, ಆಮೇಲೆ ಅಮ್ಮ, ಆಮೇಲೆ ನಾನು, ತಂಗಿ.

ಅತ್ತೆ ಕನ್ನಡಕ ಹಾಕಿಕೊಂಡು ಬೋರ್ಡಿನ ಗಾಜಿಗೆ ಮುಖ ತಾಗುವಷ್ಟು ಹತ್ತಿರ ನಿಂತು ಓದಿದರು. ತಮ್ಮ ಹೆಸರಿನ ಮುಂದೆ ‘ಕೋಂ’ ಎಂದು ಗಂಡನ ಹೆಸರಿಲ್ಲದೆ ‘ಬಿನ್’ ಎಂದು ಅಜ್ಜನ ಹೆಸರು ಇದ್ದದ್ದನ್ನು ಬೆರಳಿಟ್ಟು ತೋರಿಸಿದರು. “ಸ್ಕೂಲಲ್ಲಿ ಹಾಜರಿ ಕೂಗ್ತಿದ್ದಾಗ ಹಿಂಗಿತ್ತು” ಎಂದರು. ಆಮೇಲೆ, “ಈ ಆಕ್ಷೇಪಣೆ ಅಂದ್ರೆ ಏನು? ಯಾರಾದ್ರೂ ಬಂದು ಇವಳದ್ದಲ್ಲ ಅನ್ನಬಹುದಾ?” ಎಂದು ಕೇಳಿದರು.

“ಮೂವತ್ತು ದಿನದಲ್ಲಿ ಅನ್ನಬಹುದು” ಎಂದೆ.

“ಅನ್ನೋನು ಹೋದ್ನಲ್ಲ” ಎಂದರು. ಯಾರ ಮೇಲೂ ಸಿಟ್ಟಿಲ್ಲದ ದನಿಯಲ್ಲಿ.

ಆ ವರ್ಷ ರಾಜ್ಯದ ಪುರಸಭೆಗಳದೂ ಇಂಥದೇ ಒಂದು ಕಥೆಯಾಗಿತ್ತು. 2018 ಮತ್ತು 2019ರಲ್ಲಿ ಚುನಾವಣೆ ನಡೆದ ಊರುಗಳಲ್ಲಿ ಗೆದ್ದ ಸದಸ್ಯರು ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ಕೋರ್ಟಿನಲ್ಲಿ ಸಿಕ್ಕಿಕೊಂಡು 2020ರ ಕೊನೆಯವರೆಗೆ ಕಾದರು. ಮೂವತ್ತು ತಿಂಗಳ ಮೊದಲ ಅವಧಿ 2023ರಲ್ಲಿ ಮುಗಿದ ಮೇಲೆ ಮತ್ತೆ ಪಟ್ಟಿ ಬರಲು 2024ರ ಆಗಸ್ಟ್ ಆಯಿತು. ನಡುವೆ ಬಹಳ ಕಡೆ ಕಂದಾಯ ಇಲಾಖೆಯ ಅಧಿಕಾರಿಗಳೇ ಆಡಳಿತಾಧಿಕಾರಿಗಳು. ಜನ ಆರಿಸಿದ ಸದಸ್ಯರಿದ್ದಾರೆ, ಕೂರಲು ಸಭೆಯಿಲ್ಲ. ದೊಡ್ಡ ಗಲಾಟೆಯೇನೂ ಆಗಲಿಲ್ಲ. ಎಲ್ಲ ಎಂದಿನಂತೆ ನಡೆಯಿತು, ಅಪ್ಪ ಹೇಳುತ್ತಿದ್ದ ಹಾಗೆ. ತರೀಕೆರೆಯ ಆ ಹಾಲಿನಲ್ಲಿ ಎದ್ದು ನಿಂತು ಕೊಡದ ಮಾತು ಕೇಳಿದ್ದ ಹೆಂಗಸು ನನಗೆ ನೆನಪಾದರು. ಯಾರ ಹೆಸರೂ ಇಲ್ಲದ ಕುರ್ಚಿಯ ಮುಂದೆ ಆ ಪ್ರಶ್ನೆ ಕೇಳಲು ಆಗುವುದಿಲ್ಲ. ಸತ್ತವರ ಹೆಸರಿನ ಖಾತೆಯೂ ಹಾಗೇ. ಕಂದಾಯ ಸಂದಾಯವಾಗುತ್ತಲೇ ಇರುತ್ತದೆ, ಸೂರು ಸೋರುತ್ತಲೇ ಇರುತ್ತದೆ. ತನಗೂ ಒಂದು ಪಾಲಿದೆ ಎನ್ನುವವರು ಮಾತ್ರ ಎಲ್ಲಿ ಹೋಗಿ ನಿಲ್ಲಬೇಕೋ ತಿಳಿಯದೆ ಕಾಯುತ್ತಿರುತ್ತಾರೆ. ಇದನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲ ಅಪ್ಪ ತನ್ನ ಮನೆಯಲ್ಲಿ ಅದನ್ನೇ ಮಾಡಿದ್ದ. ಅವನ ಮೇಲೆ ನನಗೆ ಸಿಟ್ಟು ಬರುತ್ತದೆ. ವರ್ಷಾ ವರ್ಷ ಬಾಗಿನದ ಜೊತೆ ಆ ಸುದ್ದಿಯನ್ನೂ ಅಕ್ಕನಿಗೆ ಒಪ್ಪಿಸಿ ಬರುತ್ತಿದ್ದನಲ್ಲ ಎಂದು ನೆನೆದರೆ ಸಿಟ್ಟು ಪೂರ್ತಿ ನಿಲ್ಲುವುದಿಲ್ಲ.

ಆಕ್ಷೇಪಣೆ ಯಾವುದೂ ಬರಲಿಲ್ಲ. ಸೆಪ್ಟೆಂಬರಿನಲ್ಲಿ ಖಾತೆ ಕೈಗೆ ಬಂತು. ನಾಲ್ಕು ಜನರ ಹೆಸರಿದ್ದರೆ ನಾಲ್ವರೂ ಬಂದು ಸಹಿ ಹಾಕಬೇಕು ಎಂದು ಬ್ಯಾಂಕಿನವರು ಹೇಳಿದರು. ಹಾಕಿದೆವು. ಅತ್ತೆ ಸಹಿ ಹಾಕಲೆಂದು ಬಂದವರು ವಾರ ಉಳಿದು, ಹೆಂಚು ಇಳಿಸುವಾಗ ಯಾವ ತೊಲೆ ಹಳೆಯದು, ಯಾವುದು ಆಮೇಲೆ ಹಾಕಿದ್ದು ಎಂದು ಆಚಾರಿಗೆ ತೋರಿಸಿಕೊಟ್ಟರು. ಅಮ್ಮ ಮತ್ತು ಅವರು ಸಂಜೆ ಜಗಲಿಯಲ್ಲಿ ಕೂತು ಅಪ್ಪನನ್ನು ಬೈಯುವುದು ಕೇಳಿಸುತ್ತಿತ್ತು. ಅದರಲ್ಲಿ ಇಬ್ಬರಿಗೂ ಒಮ್ಮತವಿತ್ತು.

2025ರ ಏಪ್ರಿಲ್‌ನಲ್ಲಿ ಮನೆ ಕಂದಾಯ ಕಟ್ಟಿದೆ. ರಿಯಾಯಿತಿ ಕಳೆದು 2,314 ರೂಪಾಯಿ. ರಸೀದಿಯಲ್ಲಿ ಅಜ್ಜನ ಹೆಸರು ಇರಲಿಲ್ಲ. ಅದರ ಫೋಟೋ ತೆಗೆದು ಅತ್ತೆಯ ಮೊಮ್ಮಗನಿಗೆ ಕಳಿಸಿದೆ. ಹತ್ತು ನಿಮಿಷಕ್ಕೆ ನನ್ನ ಫೋನಿಗೆ ಅವನಿಂದ 1,157 ರೂಪಾಯಿ ಬಂತು. ಹಿಂದೆಯೇ ಅತ್ತೆಯ ಕರೆ.

“ಇದೆಲ್ಲಾ ಯಾಕೆ ಅತ್ತೆ?” ಎಂದೆ.

“ಖಾತೆ ಅಂದ್ರೆ ಕಂದಾಯ ಕಟ್ಟಬೇಕಾದೋರ ಹೆಸರು ಅಂತ ನಿಮ್ಮಪ್ಪನೇ ಹೇಳ್ತಿದ್ದ. ನನ್ನ ಹೆಸರಿದೆ, ಕಟ್ಟಿದೀನಿ” ಎಂದರು. “ಫೋಟೋದಲ್ಲಿ ಅಕ್ಷರ ಸಣ್ಣ ಕಾಣ್ಸುತ್ತೆ. ಬರುವಾಗ ಆ ರಸೀದಿದು ಒಂದು ಜೆರಾಕ್ಸ್ ತಗೊಂಡು ಬಾ.”